ಕೋವಿ ಠಾಣೆಗೆ, ಪಿಸ್ತೂಲು ಸೊಂಟಕ್ಕೆ!

ಮಲೆನಾಡು, ಕರಾವಳಿಯ ರೈತ ಬಂಧುಗಳೇ,

ಪಂಚಾಯಿತಿ ಚುನಾವಣೆಯ ಮಾತು ಶುರುವಾಗಿದೆ. ದಿನಾಂಕ ಪ್ರಕಟವಾಗುವುದೇ ತಡ, ಠಾಣೆಯಿಂದ ಫೋನ್ ಬರುತ್ತದೆ: ಕೋವಿ ತಂದು ಠೇವಣಿ ಇಡಿ! 2023ರ ವಿಧಾನಸಭೆಗೆ ಇಟ್ಟೆವು. ವರ್ಷ ತಿರುಗುವಷ್ಟರಲ್ಲಿ 2024ರ ಲೋಕಸಭೆಗೆ ಮತ್ತೆ ಇಟ್ಟೆವು. ಆ ಸಲ ನೀತಿಸಂಹಿತೆ ಬಂದದ್ದು ಮಾರ್ಚ್ 16ಕ್ಕೆ, ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಹಲಸು ಹಣ್ಣಾಗಿ ಆನೆ ತೋಟಕ್ಕಿಳಿಯುವ, ಮಂಗಗಳು ಸೀಯಾಳ ಕೆಡವುವ, ಹಂದಿಗಳು ಬಾಳೆಯ ಬುಡ ಅಗೆದು ಹಾಕುವ ಕಾಲವೇ ಅದು. ಹೆದರಿಸಿ ಓಡಿಸಲು ಗಾಳಿಗೊಂದು ಗುಂಡು ಹಾರಿಸೋಣವೆಂದರೆ ಕೋವಿ ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿತ್ತು. ಡಬ್ಬ ಬಡಿಯುತ್ತ ರಾತ್ರಿ ಕಳೆದೆವು.

ಪೇಟೆಗೆ ಹೋಗಿ ನೋಡಿ. ಮದುವೆ ಮಂಟಪದಲ್ಲಿ, ನಿವೇಶನದ ವ್ಯವಹಾರದಲ್ಲಿ, ನಾಯಕರ ಹಿಂದೆ ಮುಂದೆ ಸುತ್ತುವವರಲ್ಲಿ, ಅಂಗಿ ಸರಿಸಿ ಸೊಂಟದ ಹೋಲ್‌ಸ್ಟರ್ ತೋರಿಸುವ ಗಂಡುಗಳು ಎಷ್ಟು ಬೇಕು? ಪಿಸ್ತೂಲು ಅವರಿಗೆ ಆಭರಣ. ಚುನಾವಣೆ ಬಂದರೆ ‘ಜೀವಬೆದರಿಕೆ’ ಎಂದು ಒಂದು ಅರ್ಜಿ, ಒಂದು ಶಿಫಾರಸು, ಅಲ್ಲಿಗೆ ವಿನಾಯಿತಿ. ನಮ್ಮ ಬೆಳೆಗೆ ಜೀವವಿಲ್ಲವೇ?

ಕಾನೂನು ಹೇಳುವುದೇನು? 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಹೋಲ್‌ಸ್ಟರಿನಲ್ಲೋ ಚೀಲದಲ್ಲೋ ಇರಬೇಕು. ಅಷ್ಟೇ ಸಾಲದು, ಪೂರ್ತಿ ಮುಚ್ಚಿರಬೇಕು, ಹೊತ್ತವನ ಹಿಡಿತದಲ್ಲಿರಬೇಕು. ಹಿಡಿದು ಝಳಪಿಸುವುದಕ್ಕೆ ಕಟ್ಟುನಿಟ್ಟಿನ ನಿಷೇಧವಿದೆ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ಸೊಂಟ ತೋರಿಸಿ ತಿರುಗುವ ಎಷ್ಟು ಜನರನ್ನು ಠಾಣೆಗೆ ಕರೆದಿದ್ದೀರಿ, ಸ್ವಾಮಿ?

ಇನ್ನೂ ಕೇಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಬೆಳೆ ಕಾಯಲು ಮದ್ದು ತುಂಬುವ ಕೋವಿ ಕೇಳಿದವನಿಗೆ, ಅನರ್ಹನಲ್ಲದಿದ್ದರೆ, ಲೈಸೆನ್ಸ್ ಕೊಡಲೇಬೇಕು. ಪಿಸ್ತೂಲು ಕೇಳುವವನು ಮಾತ್ರ ತಕ್ಕ ಕಾರಣ ತೋರಿಸಬೇಕು. ಕಾಯ್ದೆಯ ಲೆಕ್ಕದಲ್ಲಿ ಮೊದಲ ಮಣೆ ನಮ್ಮದು. ಠಾಣೆಯ ಲೆಕ್ಕದಲ್ಲಿ ನಾವೇ ಮೊದಲ ಅನುಮಾನಿತರು!

ಎಲ್ಲರ ಕೋವಿ ಕಸಿಯಿರಿ ಎಂದು ಚುನಾವಣಾ ಆಯೋಗವೂ ಹೇಳಿಲ್ಲ. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿದವರು, ಇಂಥವರನ್ನು ಜಿಲ್ಲೆಯ ಪರಿಶೀಲನಾ ಸಮಿತಿ ಒಬ್ಬೊಬ್ಬರನ್ನಾಗಿ ನೋಡಿ ತೀರ್ಮಾನಿಸಬೇಕು. ನಮ್ಮಲ್ಲಿ ಯಾರನ್ನು ಯಾವಾಗ ಹಾಗೆ ನೋಡಿದರು? ಪಟ್ಟಿ ತೆಗೆದರು, ಫೋನ್ ಮಾಡಿದರು, ಮುಗಿಯಿತು.

“ಗಲಭೆಯಾದರೆ ಯಾರು ಹೊಣೆ?” ಎನ್ನುತ್ತಾರೆ. ಕೇಪಿನ ಕೋವಿಗೆ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿದು, ಕೇಪು ಕೂರಿಸಿ ಬೂತ್ ವಶಪಡಿಸಿಕೊಂಡ ಅಡಿಕೆ ಬೆಳೆಗಾರನನ್ನು ತೋರಿಸಿ, ನೋಡೋಣ! “ಬೆಳೆ ಹೋದರೆ ಪರಿಹಾರ ಇದೆಯಲ್ಲ” ಎನ್ನುವ ಅಧಿಕಾರಿ ಒಂದು ಸಲ ಆ ಅರ್ಜಿ ಹಿಡಿದು ಅರಣ್ಯ ಇಲಾಖೆಯ ಮೆಟ್ಟಿಲು ಹತ್ತಲಿ.

ಕೊಡಗಿನವರನ್ನು ನೋಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ. ನಮಗೆ ಹೊಟ್ಟೆಕಿಚ್ಚಿಲ್ಲ. ಅವರು ಬಾಯಿ ಬಿಟ್ಟು ಕೇಳಿದರು, ಉಳಿಸಿಕೊಂಡರು. ನಮ್ಮ ಹಸಿರು ಶಾಲಿನ ಮುಖಂಡರು ಎಲ್ಲಿದ್ದಾರೆ? ಅಡಿಕೆ ಧಾರಣೆ ಬಿದ್ದಾಗ ಮೈಕ್ ಹಿಡಿಯುವವರು ಕೋವಿ ಎಂದೊಡನೆ ಯಾಕೆ ತಲೆ ತಗ್ಗಿಸುತ್ತಾರೆ? ಸೊಸೈಟಿ ನಿರ್ದೇಶಕರು ತಮ್ಮ ಕೋವಿಗೆ ಮಾತ್ರ ಸದ್ದಿಲ್ಲದೆ ವಿನಾಯಿತಿ ಮಾಡಿಸಿಕೊಂಡದ್ದು ನಮಗೆ ಗೊತ್ತಿಲ್ಲವೇ? ಇವರೂ ಪಿಸ್ತೂಲಿನವರ ಪಂಗಡವೇ.

ಈ ಸಲ ಬಿಡಬಾರದು. ಪಂಚಾಯಿತಿ ಚುನಾವಣೆಗೂ ಅದೇ ಪರಿಶೀಲನೆಯ ನ್ಯಾಯ ಸಿಗಬೇಕು. ಫೋನ್ ಬಂದ ದಿನ ಒಬ್ಬೊಬ್ಬರೇ ಕೋವಿ ಹೆಗಲಿಗೇರಿಸಿ ಓಡಬೇಡಿ. ಊರಿನವರು ಕೂಡಿ ಹೋಗಿ, ನಮ್ಮ ಹೆಸರು ಯಾವ ಕಾರಣಕ್ಕೆ ಪಟ್ಟಿಯಲ್ಲಿದೆ ಎಂದು ಬರಹದಲ್ಲಿ ಕೇಳಿ. ಅರ್ಜಿಯ ನಕಲಿಗೆ ಮೊಹರು ಹಾಕಿಸಿಕೊಳ್ಳದೆ ಹೊರಬರಬೇಡಿ. ಓದಿದವರು ಇದನ್ನು ಪಕ್ಕದ ಮನೆಗೆ ದಾಟಿಸಿ.

— ತೋಟ ಕಾಯುವ ಕೋವಿದಾರ ರೈತರು