ಪರದೆಯೂ ಪಕ್ಕದ ಮನೆಯೂ

ಹೊಸ ಮಾಧ್ಯಮಗಳನ್ನು ಕಂಡು ಧಾರ್ಮಿಕ ವಲಯಗಳು ಬೆದರುವುದು ಹೊಸತೇನಲ್ಲ. ಕೆಥೊಲಿಕ್ ಚರ್ಚ್ ಬೇರೆ ದಾರಿ ಹಿಡಿಯಿತು. 1995ರಲ್ಲಿಯೇ ವ್ಯಾಟಿಕನ್ ತನ್ನ ವೆಬ್‌ಸೈಟ್ ತೆರೆಯಿತು. 2010ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್, ಡಿಜಿಟಲ್ ಲೋಕವನ್ನು ಸೇವೆಗೆ ಬಳಸುವಂತೆ ಧರ್ಮಗುರುಗಳಿಗೆ ಕರೆ ನೀಡಿದರು. 2012ರ ಡಿಸೆಂಬರ್‌ನಲ್ಲಿ ಸ್ವತಃ ಟ್ವಿಟರ್‌ಗೆ ಬಂದರು. ವೆಬ್‌ಸೈಟ್ ಮೂಲಕ ವಿಶ್ವಾಸ ಸಾರಿ, 2006ರಲ್ಲಿ ಹದಿನೈದರ ಹರೆಯದಲ್ಲಿಯೇ ತೀರಿಕೊಂಡ ಇಟಲಿಯ ಕಾರ್ಲೊ ಅಕುಟಿಸ್‌ನನ್ನು 2025ರಲ್ಲಿ ಸಂತನೆಂದು ಘೋಷಿಸಲಾಯಿತು.

ಆದರೆ ಅದೇ ವ್ಯಾಟಿಕನ್ 2023ರಲ್ಲಿ ಎಚ್ಚರಿಕೆಯನ್ನೂ ನೀಡಿತು: ಪರದೆಯ ಮೂಲಕ ಸಹಭೋಜನ ಸಾಧ್ಯವಿಲ್ಲ. ನಾವು ಗಮನಿಸಬೇಕಾದುದು ಈ ಮಾತನ್ನೇ. ಅನುಯಾಯಿಗಳ ಸಂಖ್ಯೆ ಲಕ್ಷ ದಾಟಬಹುದು. ರೋಗಿಯ ಹಾಸಿಗೆಯ ಬಳಿ ಕುಳಿತುಕೊಳ್ಳಲು ಮನುಷ್ಯನೇ ಬೇಕು. ಸಂದೇಶ ರವಾನಿಸಿದ ಬೆರಳು ನೆರೆಮನೆಯ ಕದವನ್ನೂ ತಟ್ಟೀತೇ? ಯಾವ ಸಮುದಾಯದ ಸಂಪರ್ಕ ಕಾರ್ಯಕ್ಕೂ ಇದುವೇ ಒರೆಗಲ್ಲು.