ಇಂಧನ ಒಪ್ಪಂದಗಳು ಮತ್ತು ಹಳ್ಳಿಯ ಮಾತು

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಭಾಗವನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಹೀಗಾಗಿ ನಮ್ಮ ವಿದೇಶಾಂಗ ನೀತಿಯಲ್ಲಿ ಇಂಧನಕ್ಕೆ ದೊಡ್ಡ ಸ್ಥಾನವಿದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ನಾವು ರಷ್ಯಾದಿಂದ ಅಗ್ಗದ ದರದಲ್ಲಿ ತೈಲ ಕೊಂಡೆವು. ಅದನ್ನೇ ಕಾರಣವಾಗಿಟ್ಟುಕೊಂಡು ಅಮೆರಿಕ 2025ರ ಆಗಸ್ಟ್‌ನಲ್ಲಿ ನಮ್ಮ ಸರಕುಗಳ ಮೇಲೆ ಹೆಚ್ಚುವರಿಯಾಗಿ ಶೇಕಡಾ 25ರ ಸುಂಕ ಹೇರಿತು. ಇನ್ನೊಂದೆಡೆ, 2021ರ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ನಮ್ಮ ದೇಶ ಜಗತ್ತಿಗೆ ಮಾತು ಕೊಟ್ಟಿದೆ: 2030ರೊಳಗೆ ಪಳೆಯುಳಿಕೆಯೇತರ ಮೂಲಗಳಿಂದ 500 ಗಿಗಾವಾಟ್ ವಿದ್ಯುತ್ ಸಾಮರ್ಥ್ಯ, 2070ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆ.

ದೊಡ್ಡ ನಗರಗಳಲ್ಲಿ ಸಹಿಯಾಗುವ ಇಂಥ ಒಪ್ಪಂದಗಳು ಕೊನೆಗೆ ಬಂದು ಇಳಿಯುವುದು ಯಾವುದೋ ಹಳ್ಳಿಯ ನೆಲದಲ್ಲಿ. ಕರಾವಳಿಯ ನಮಗೆ ಇದರ ಅನುಭವವಿದೆ. ದೇಶದ ತುರ್ತು ತೈಲ ಸಂಗ್ರಹಕ್ಕಾಗಿ ಬಂಡೆ ಕೊರೆದು ಮಾಡಿದ ಮೂರು ಭೂಗತ ಸಂಗ್ರಹಾಗಾರಗಳಲ್ಲಿ ಎರಡು ನಮ್ಮಲ್ಲೇ ಇವೆ. ಮಂಗಳೂರಿನದು 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ ಟನ್ ಸಾಮರ್ಥ್ಯದ್ದು. ಮಂಗಳೂರಿನ ಸಂಗ್ರಹಾಗಾರದ ಒಂದು ಭಾಗಕ್ಕೆ ಅಬುಧಾಬಿಯ ಸರಕಾರಿ ತೈಲ ಕಂಪನಿ 2018ರಲ್ಲಿ ತನ್ನ ತೈಲ ತುಂಬಿಸಿತು. ಎರಡು ದೇಶಗಳ ನಡುವಿನ ಸ್ನೇಹ ನಮ್ಮ ಊರಿನ ಬಂಡೆಯೊಳಗೆ ಶೇಖರವಾಯಿತು ಎನ್ನಬಹುದು.

ನಂದಿಕೂರಿನ ಕಥೆ ಇನ್ನೂ ಹಳೆಯದು. 1990ರ ದಶಕದಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಅಲ್ಲಿ 1000 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಕಟ್ಟಲು ಬಂತು. ವರ್ಷಗಟ್ಟಲೆ ನಡೆದ ಜನರ ವಿರೋಧ, ನ್ಯಾಯಾಲಯದ ವ್ಯಾಜ್ಯಗಳ ನಡುವೆ 1999ರ ಡಿಸೆಂಬರ್‌ನಲ್ಲಿ ಅದು ಹಿಂದೆ ಸರಿಯಿತು. ಮುಂದೆ ಅದೇ ಪರಿಸರದಲ್ಲಿ ಆಮದು ಕಲ್ಲಿದ್ದಲಿನಿಂದ ನಡೆಯುವ 1200 ಮೆಗಾವಾಟ್ ಸ್ಥಾವರ ತಲೆ ಎತ್ತಿತು. ಅದರಿಂದಾದ ಪರಿಸರ ಹಾನಿಯ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ 52 ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ವಿಧಿಸಿತು. ಸ್ಥಾವರ ನಿಲ್ಲಲಿಲ್ಲ ನಿಜ. ಆದರೆ ಊರವರ ದೂರನ್ನು ಕೇಳಲು ಒಂದು ಬಾಗಿಲು ಇತ್ತು ಎಂಬುದು ಗಮನಾರ್ಹ.

ಈಗ ಕರಾವಳಿಯಿಂದ ಘಟ್ಟ ಹತ್ತಿ ಗದಗ ಜಿಲ್ಲೆಗೆ ಬರೋಣ. ನರಗುಂದ ತಾಲೂಕಿನ ಶಿರೋಳ ಗ್ರಾಮ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಹೆಸರಾದ ಊರು. ಆ ರೊಟ್ಟಿಯ ಜೋಳ ಬೆಳೆಯುವುದು ಎರೆಭೂಮಿಯಲ್ಲಿ. ನರಗುಂದ, ರೋಣ, ಗಜೇಂದ್ರಗಡದ ಈ ಸೀಮೆಗೆ ಇಂದು ಇನ್ನೊಂದು ಬೆಳೆ ಬಂದಿದೆ. ಅದು ಗಾಳಿಯ ಬೆಳೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಆರಂಭವಾದ ಗಾಳಿಯಂತ್ರಗಳು ಈಗ ಬಯಲಿನ ಹೊಲಗಳಿಗೂ ಇಳಿದಿವೆ. 2024-25ರಲ್ಲಿ ಹೊಸ ಪವನ ವಿದ್ಯುತ್ ಸಾಮರ್ಥ್ಯ ಸೇರಿಸುವುದರಲ್ಲಿ 1331 ಮೆಗಾವಾಟ್‌ನೊಂದಿಗೆ ಕರ್ನಾಟಕವೇ ದೇಶಕ್ಕೆ ಮೊದಲು. ಗ್ಲಾಸ್ಗೊದಲ್ಲಿ ಕೊಟ್ಟ ಮಾತು ಉಳಿಯುತ್ತಿರುವುದು ಇಂಥ ಹೊಲಗಳಿಂದ.

ಗಾಳಿಯಂತ್ರಕ್ಕೆ ಹೊಗೆಯಿಲ್ಲ, ಹಾರುಬೂದಿಯಿಲ್ಲ. ಅದು ಕಲ್ಲಿದ್ದಲಿಗಿಂತ ಎಷ್ಟೋ ಮೇಲು ಎಂಬುದರಲ್ಲಿ ಅನುಮಾನ ಬೇಡ. ಆದರೆ ಇಲ್ಲೊಂದು ವಿಚಿತ್ರವಿದೆ. ಕಲ್ಲಿದ್ದಲು ಸ್ಥಾವರ ಕಟ್ಟಬೇಕಾದರೆ 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಪರಿಸರ ಪರಿಣಾಮ ಅಧ್ಯಯನ ನಡೆಯಬೇಕು, ಸಾರ್ವಜನಿಕ ಅಹವಾಲು ಸಭೆ ಕರೆಯಬೇಕು. ಪವನ ವಿದ್ಯುತ್ ಯೋಜನೆಗಳು ಆ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಅರಣ್ಯ ಭೂಮಿಯಾದರೆ ಪ್ರತ್ಯೇಕ ಅನುಮತಿ ಬೇಕು. ರೈತನ ಎರೆಹೊಲಕ್ಕೆ ಆ ರಕ್ಷಣೆಯೂ ಇಲ್ಲ. ಅಂದರೆ ಯೋಜನೆ ಸ್ವಚ್ಛವಾದಷ್ಟೂ ಊರಿನ ಮಾತು ಕೇಳುವ ಅಗತ್ಯ ಕಡಿಮೆ ಎಂದಾಯಿತು!

ಕೇಳಬೇಕಾದ ಪ್ರಶ್ನೆಗಳೇನೂ ಕಡಿಮೆಯಿಲ್ಲ. ಭಾರೀ ವಾಹನಗಳಿಗಾಗಿ ಹೊಲದ ನಡುವೆ ಹಾಕುವ ರಸ್ತೆ ಮಳೆನೀರಿನ ಹರಿವನ್ನು ಎತ್ತ ತಿರುಗಿಸುತ್ತದೆ? ಗುತ್ತಿಗೆಯ ಹಣ ಭೂಮಾಲೀಕನಿಗೆ ಬರುತ್ತದೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನು ಬರುತ್ತದೆ? ಜನವಸತಿಯಿಂದ 500 ಮೀಟರ್ ದೂರವಿರಬೇಕೆಂಬ 2016ರ ಮಾರ್ಗಸೂಚಿಯನ್ನು ಸ್ಥಳದಲ್ಲಿ ಅಳೆದು ನೋಡುವವರು ಯಾರು? ಇದೇ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಉತ್ತರ ಕನ್ನಡದ ಅಘನಾಶಿನಿ ಅಳಿವೆಯೊಂದಿಗೆ ರಾಮ್ಸಾರ್ ಪಟ್ಟಿ ಸೇರಿತು. ಅದೂ ನಾವು ಜಗತ್ತಿಗೆ ಕೊಟ್ಟ ಮಾತೇ. ಒಂದು ಮಾತು ಉಳಿಸಲು ಹೋಗಿ ಇನ್ನೊಂದನ್ನು ಮುರಿಯದಂತೆ ನೋಡಿಕೊಳ್ಳುವುದು ಅಧ್ಯಯನವಿಲ್ಲದೆ ಸಾಧ್ಯವೆ?

ಇಂಥ ಪ್ರಶ್ನೆ ಎತ್ತಿದರೆ ಕೆಲಸ ತಡವಾಗುತ್ತದೆ, ದೇಶದ ಗುರಿ ತಪ್ಪುತ್ತದೆ ಎಂಬ ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹವಾಮಾನ ಬದಲಾವಣೆಯ ಮೊದಲ ಪೆಟ್ಟು ಬೀಳುವುದು ಮಳೆ ನಂಬಿದ ಇದೇ ರೈತರಿಗೆ ಮತ್ತು ನಮ್ಮ ಮೀನುಗಾರರಿಗೆ. ಆದರೆ ಜನರನ್ನು ಕೇಳದೆ ಉಳಿಸಿದ ಸಮಯ ಮುಂದೆ ಬಡ್ಡಿ ಸಮೇತ ಹೋಗುತ್ತದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ರೈತರ ಅಹವಾಲು ಕೇಳದೆ ಅಭಿವೃದ್ಧಿ ಕರ ವಸೂಲಿಗೆ ಹೊರಟದ್ದರ ಫಲವೇ 1980ರ ಜುಲೈ 21ರ ನರಗುಂದ-ನವಲಗುಂದ ಬಂಡಾಯ. ಕಪ್ಪತಗುಡ್ಡಕ್ಕೆ ನೀಡಿದ್ದ ಸಂರಕ್ಷಿತ ಸ್ಥಾನವನ್ನು ಹಿಂತೆಗೆದುಕೊಂಡ ಸರಕಾರ, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಅದನ್ನು ಮರಳಿ ಕೊಡಬೇಕಾಯಿತು. 2019ರಲ್ಲಿ ಅದು ವನ್ಯಜೀವಿಧಾಮವೂ ಆಯಿತು.

ಹಾಗಾದರೆ ಸಮತೋಲನ ಎಂದರೇನು? ತೈಲ ಬೇಡ, ಗಾಳಿಯಂತ್ರ ಬೇಡ ಎನ್ನುವುದಲ್ಲ. ಯಾವ ಇಂಧನವೇ ಇರಲಿ, ಅದು ಇಳಿಯುವ ಊರಿಗೆ ಮೊದಲೇ ತಿಳಿಸಿ, ಕೇಳಿ, ಉತ್ತರ ಕೊಡುವುದು. ದೊಡ್ಡ ಪವನ ಯೋಜನೆಗಳಿಗೆ ಚುಟುಕಾದರೂ ಕಡ್ಡಾಯ ಅಧ್ಯಯನ, ಗುತ್ತಿಗೆಗೆ ಮುನ್ನ ಗ್ರಾಮಸಭೆ, ಕನ್ನಡದಲ್ಲಿ ಬರೆದ ಕರಾರು, ಆದಾಯದಲ್ಲಿ ಊರಿಗೂ ಒಂದು ಪಾಲು. ಇವು ಅಸಾಧ್ಯವಾದ ಬೇಡಿಕೆಗಳಲ್ಲ. ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಹೇಳಿದ್ದೂ ಇದನ್ನೇ: ಪರಿಸರ ಅಧ್ಯಯನ ಯೋಜನೆ ಸಿದ್ಧವಾದ ಮೇಲೆ ಬರುವಂಥದ್ದಲ್ಲ, ಸ್ಥಳೀಯರಿಗೆ ಚರ್ಚೆಯಲ್ಲಿ ವಿಶೇಷ ಸ್ಥಾನ ಸಲ್ಲಬೇಕು.

ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರು ಇಲ್ಲಿ ಮಾಡಬಹುದಾದ ಕೆಲಸವೂ ಇದೆ. ಗ್ರಾಮಸಭೆಯ ದಿನ ತಿಳಿದುಕೊಂಡು ಹೋಗುವುದು, ಯೋಜನೆಯ ಕಾಗದ ಕೇಳಿ ಪಡೆಯುವುದು, ಅದನ್ನು ಓದಲು ಬಾರದವರಿಗೆ ಓದಿ ಹೇಳುವುದು. ಪಾದೂರಿನ ಬಂಡೆಗೂ ಶಿರೋಳ ಸೀಮೆಯ ಎರೆಮಣ್ಣಿಗೂ ಈ ನ್ಯಾಯ ಒಂದೇ.