ತೌಲನಿಕ ಅಧ್ಯಯನದ ಸಬೂಬುಗಳು

ಎಂ.ಎ. ಎರಡನೇ ವರ್ಷದಲ್ಲಿ ನಾನೊಂದು ಡಿಸರ್ಟೇಶನ್ ಬರೆದೆ. ಅನಂತಮೂರ್ತಿಯವರ ‘ಸಂಸ್ಕಾರ’ ಮತ್ತು ನೈಜೀರಿಯಾದ ಚಿನುವಾ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಗಳ ತೌಲನಿಕ ಅಧ್ಯಯನ. ಅಂಕ ಚೆನ್ನಾಗಿಯೇ ಬಂತು. ಈಗ ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿ ಅದನ್ನು ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ಬರವಣಿಗೆ ಎಳಸಾಗಿದೆ ಎಂದಲ್ಲ, ಅದು ಎಲ್ಲರದೂ ಹಾಗೇ ಇರುತ್ತದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ, ಪಿಯುಸಿಯಲ್ಲೇ ‘ಸಂಸ್ಕಾರ’ ಓದಿ ರಾತ್ರಿ ನಿದ್ದೆಗೆಟ್ಟಿದ್ದ ನಾನು, ಆ ಎಂಬತ್ತು ಪುಟಗಳಲ್ಲಿ ಕನ್ನಡದ ಒಂದೇ ಒಂದು ವಾಕ್ಯವನ್ನೂ ಉದ್ಧರಿಸಿಲ್ಲ. ಎ.ಕೆ. ರಾಮಾನುಜನ್ ಅವರ 1976ರ ಇಂಗ್ಲಿಷ್ ಅನುವಾದವೇ ನನ್ನ ‘ಮೂಲಪಠ್ಯ’. 1965ರ ಕನ್ನಡ ಪುಸ್ತಕ ಗ್ರಂಥಸೂಚಿಯಲ್ಲೂ ಇಲ್ಲ. ಬಾಹ್ಯ ಪರೀಕ್ಷಕರಿಗೆ ಕನ್ನಡ ಬರುವುದಿಲ್ಲ, ಇಂಗ್ಲಿಷಿನಿಂದಲೇ ಉದ್ಧರಿಸಿ ಅಂದರು. ನಾನೂ ಹೂಂ ಅಂದೆ.

ರಾಮಾನುಜನ್ ಅವರ ಅನುವಾದದ ಮೇಲೆ ನನಗೆ ತಕರಾರಿಲ್ಲ. ಆದರೆ ಒಂದು ಅಗ್ರಹಾರದ ಕಥೆಯಲ್ಲಿ ಯಾರು ಯಾರನ್ನು ‘ನೀನು’ ಅನ್ನುತ್ತಾರೆ, ಯಾರನ್ನು ‘ನೀವು’ ಅನ್ನುತ್ತಾರೆ ಎಂಬುದರಲ್ಲೇ ಅರ್ಧ ಜಾತಿ ಇರುತ್ತದೆ. ಇಂಗ್ಲಿಷಿನಲ್ಲಿ ಎಲ್ಲರೂ ‘ಯೂ’. ಆ ‘ಯೂ’ಗಳನ್ನು ಮುಂದಿಟ್ಟುಕೊಂಡು ನಾನು ‘ಅಧಿಕಾರ ಸಂಬಂಧಗಳು’ ಎಂಬ ತಲೆಬರಹದಡಿ ನಾಲ್ಕು ಪುಟ ಬರೆದಿದ್ದೇನೆ. ಇನ್ನೊಂದು ಅಧ್ಯಾಯ ಇಗ್ಬೊ ಗಾದೆಗಳ ಬಗ್ಗೆ. ನನಗೆ ಇಗ್ಬೊ ಭಾಷೆಯಲ್ಲಿ ‘ನೀರು’ ಅನ್ನುವುದಕ್ಕೆ ಏನನ್ನುತ್ತಾರೆಂದೂ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ.

ನನ್ನ ಜಗಳ ಇರುವುದು ಇಲ್ಲಿಯೇ. ಆಫ್ರಿಕಾ ಮತ್ತು ಏಷ್ಯಾದ ಸಾಹಿತ್ಯಗಳನ್ನು ಹೋಲಿಸುತ್ತೇವೆ ಎಂದು ನಮ್ಮ ಸ್ನಾತಕೋತ್ತರ ವಿಭಾಗಗಳು ಹೇಳಿಕೊಳ್ಳುತ್ತವೆ. ಮಾಡುವುದು ಮಾತ್ರ ಇಂಗ್ಲಿಷನ್ನು ಇಂಗ್ಲಿಷಿನ ಜೊತೆ ಹೋಲಿಸುವ ಕೆಲಸ. ಫ್ರೆಂಚ್ ಬಾರದವಳು ಫ್ರೆಂಚ್ ಕಾದಂಬರಿಯ ಮೇಲೆ ಪಿಎಚ್.ಡಿ. ಮಾಡುತ್ತೇನೆಂದರೆ ವೈವಾದಲ್ಲಿ ನಗುತ್ತಾರೆ. ಯೊರುಬಾ, ಗಿಕುಯು, ಸ್ವಾಹಿಲಿ ಬಾರದವಳು ‘ಆಫ್ರಿಕನ್ ಸಂವೇದನೆ’ಯ ಬಗ್ಗೆ ಮುನ್ನೂರು ಪುಟ ಬರೆದರೆ ಯಾರಿಗೂ ನಗು ಬರುವುದಿಲ್ಲ. ಒಂದು ಖಂಡದ ಭಾಷೆ ಸಂಶೋಧನೆಯ ಸಾಮಗ್ರಿ, ಇನ್ನೊಂದು ಖಂಡದ್ದು ಬರೀ ಹಿನ್ನೆಲೆ ಎಂದು ನಾವೇ ಒಪ್ಪಿಕೊಂಡ ಹಾಗಾಯಿತಲ್ಲ?

ಹೊಸ ಮಾತೇನಲ್ಲ ಇದು. 1962ರ ಜೂನ್‌ನಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕನ್ ಲೇಖಕರ ಸಮ್ಮೇಳನ ನಡೆಯಿತು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಗೂಗಿ ವಾ ಥಿಯೊಂಗೊ ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಸಣ್ಣಕಥೆಗಳ ಬಲದ ಮೇಲೆ ಅಲ್ಲಿ ಕೂತಿದ್ದರು. ಸ್ವಾಹಿಲಿಯ ದೊಡ್ಡ ಕವಿ ಶಾಬಾನ್ ರಾಬರ್ಟ್‌ಗಾಗಲಿ, ಯೊರುಬಾದ ಕಾದಂಬರಿಕಾರ ಫಗುನ್ವಾಗಾಗಲಿ ಅಲ್ಲಿ ಜಾಗವಿರಲಿಲ್ಲ. ಶಾಬಾನ್ ರಾಬರ್ಟ್ ತೀರಿಕೊಂಡದ್ದು ಅದೇ ತಿಂಗಳು. ಮರುವರ್ಷ ಒಬಿ ವಾಲಿ ಎಂಬ ನೈಜೀರಿಯಾದ ವಿಮರ್ಶಕ ‘ಟ್ರಾನ್ಸಿಶನ್’ ಪತ್ರಿಕೆಯಲ್ಲಿ, ಯುರೋಪಿನ ಭಾಷೆಗಳಲ್ಲೇ ನಡೆದರೆ ಆಫ್ರಿಕನ್ ಸಾಹಿತ್ಯ ಸೇರುವುದು ಮುಂದೆ ದಾರಿಯಿಲ್ಲದ ಗಲ್ಲಿಯನ್ನು ಎಂದು ಬರೆದು ಎಲ್ಲರ ಸಿಟ್ಟು ಕಟ್ಟಿಕೊಂಡ. 1968ರಲ್ಲಿ ಗೂಗಿ, ಔವೋರ್ ಅನ್ಯುಂಬಾ, ಟಬಾನ್ ಲೊ ಲಿಯೊಂಗ್ ಸೇರಿ ನೈರೋಬಿ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗವನ್ನೇ ರದ್ದು ಮಾಡಿ, ಆಫ್ರಿಕಾದ ಭಾಷೆ ಮತ್ತು ಸಾಹಿತ್ಯವನ್ನು ನಡುವೆ ಇಡಿ ಎಂದು ಪತ್ರ ಬರೆದರು.

ಈ ಪತ್ರ ಈಗ ನಮ್ಮ ಇಂಗ್ಲಿಷ್ ವಿಭಾಗಗಳಲ್ಲಿ ಪಠ್ಯ. ಹತ್ತು ಅಂಕದ ಪ್ರಶ್ನೆ. ನಾನೂ ಎರಡು ಸಲ ಉತ್ತರಿಸಿದ್ದೇನೆ.

ಭಾಷೆ ಕಲಿತರೆ ಏನು ಬದಲಾಗುತ್ತದೆ ಎಂದು ಕೇಳುವವರಿಗೆ ನನ್ನ ಹಾಸ್ಟೆಲಿನ ಕಥೆ ಹೇಳಬೇಕು. ಪಕ್ಕದ ಕೋಣೆಗೆ ಟಾಂಜಾನಿಯಾದ ಹುಡುಗಿ ಬಂದಳು, ಎಂ.ಎಸ್ಸಿ. ಗಣಿತ ಓದಲು. ಅವಳಿಗೆ ಅಂಗಡಿ-ಆಟೋಗೆ ಬೇಕಾಗುವಷ್ಟು ಕನ್ನಡ ನಾನು ಕಲಿಸುವುದು, ನನಗೆ ಅವಳು ಸ್ವಾಹಿಲಿ ಕಲಿಸುವುದು ಎಂದು ಒಪ್ಪಂದವಾಯಿತು. ಮೊದಲ ದಿನವೇ ಇಬ್ಬರೂ ನಕ್ಕೆವು. ಸುದ್ದಿಗೆ ಸ್ವಾಹಿಲಿಯಲ್ಲಿ ‘ಹಬಾರಿ’, ನಮ್ಮ ಉತ್ತರ ಕರ್ನಾಟಕದಲ್ಲಿ ‘ಖಬರು’. ಅವಳು ಓದುವ ಗಣಿತಕ್ಕೆ ‘ಹೆಸಾಬು’. ಲೋಕಕ್ಕೆ ‘ದುನಿಯಾ’. ಗೋಣಿಚೀಲಕ್ಕೆ ‘ಗುನಿಯಾ’. ಅರಬ್ಬರ, ಗುಜರಾತಿ ವ್ಯಾಪಾರಿಗಳ ಹಡಗುಗಳು ಆಚೆ ದಡದಲ್ಲಿ ಇಳಿಸಿದ ಮಾತುಗಳವು. ಅರಬ್ಬಿಯ ‘ಕಿತಾಬ್’ ಅಲ್ಲಿ ‘ಕಿತಾಬು’ ಆಗಿದೆ. ಅದರ ಬಹುವಚನ ‘ವಿತಾಬು’. ಮೊದಲಿಗೆ ಬರುವ ‘ಕಿ’ಯನ್ನು ಅವರು ತಮ್ಮದೇ ಏಕವಚನದ ಪ್ರತ್ಯಯ ಎಂದುಕೊಂಡು ‘ವಿ’ ಮಾಡಿಬಿಟ್ಟಿದ್ದಾರೆ! ಎರವಲು ಪದವನ್ನು ಇಷ್ಟು ಧೈರ್ಯವಾಗಿ ಮನೆಮಗಳು ಮಾಡಿಕೊಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಮೇಲೆ ‘ಯೆಯೆ’ ಬಂತು. ‘ಅವನು’ ಅಂದರೂ ‘ಯೆಯೆ’, ‘ಅವಳು’ ಅಂದರೂ ‘ಯೆಯೆ’. ಸ್ವಾಹಿಲಿಯ ಕಥೆ ಇಂಗ್ಲಿಷಿಗೆ ಹೋಗುವಾಗ ಪ್ರತಿ ಸಲವೂ ಗಂಡೋ ಹೆಣ್ಣೋ ಎಂದು ಅನುವಾದಕ ತೀರ್ಮಾನಿಸಲೇಬೇಕು. ಅಂದರೆ ಇಂಗ್ಲಿಷಿನಲ್ಲಿ ಹೋಲಿಸಲು ಕೂತಾಗ ಕನ್ನಡದ ಪಠ್ಯ ತನ್ನಲ್ಲಿದ್ದ ನೀನು-ನೀವುಗಳನ್ನು ಕಳೆದುಕೊಂಡು ಬಂದಿರುತ್ತದೆ, ಸ್ವಾಹಿಲಿಯ ಪಠ್ಯ ತನ್ನಲ್ಲಿಲ್ಲದ ಅವನು-ಅವಳುಗಳನ್ನು ಹೊತ್ತು ಬಂದಿರುತ್ತದೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ‘ಲಿಂಗ ಮತ್ತು ಅಧಿಕಾರ’ ಎಂದು ಪ್ರಬಂಧ ಮಂಡಿಸುತ್ತೇವೆ. ಸೆಮಿನಾರಿನಲ್ಲಿ ಚಪ್ಪಾಳೆಯೂ ಬೀಳುತ್ತದೆ.

ಇಂಗ್ಲಿಷನ್ನು ನಡುವಿನಿಂದ ಸರಿಸಿದರೆ ಎಂಥ ಪ್ರಶ್ನೆಗಳು ಏಳುತ್ತವೆ ನೋಡಿ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಐದು ವರ್ಷ ಮೊದಲು ಕಿಟ್ಟೆಲ್ ನಿಘಂಟನ್ನು ಹೊರತಂದದ್ದೂ ಅದೇ ಮಿಷನ್. ದಕ್ಷಿಣ ಆಫ್ರಿಕಾದ ನಟ್ಟನಡುವಿನ ಲೆಸೊಥೊದಲ್ಲಿ ಥಾಮಸ್ ಮೊಫೊಲೊ ಸೆಸೊಥೊ ಭಾಷೆಯಲ್ಲಿ ಬರೆಯುತ್ತಿದ್ದ. ಅವನಿಗೂ ಇದ್ದದ್ದು ಮೊರಿಜಾದ ಮಿಷನ್ ಪ್ರೆಸ್ಸು. ಮೊದಲ ಕಾದಂಬರಿಯನ್ನು 1907ರಲ್ಲಿ ಪ್ರಕಟಿಸಿದ ಮಿಷನ್, ಜುಲು ದೊರೆಯ ಕಥೆಯಾದ ‘ಚಾಕಾ’ದ ಹಸ್ತಪ್ರತಿಯನ್ನು ಹದಿನೈದು ವರ್ಷದಷ್ಟು ಕಾಲ ಇಟ್ಟುಕೊಂಡು ಕೂತಿತು. ಹೊರಬಂದದ್ದು 1925ರಲ್ಲಿ. ಹಳೆಯ ನಂಬಿಕೆಗಳ ಕಡೆ ಜನರನ್ನು ಮತ್ತೆ ಎಳೆದೀತು ಎಂಬ ಅಂಜಿಕೆ ಕೆಲವು ಮಿಷನರಿಗಳಿಗೆ. ವಿಧವಾ ವಿವಾಹದ ಕಥೆ ಒಂದು ಪ್ರೆಸ್ಸಿನಿಂದ ಹೊರಬಂತು, ಮಾಟಗಾರನೂ ರಾಜನೂ ಇರುವ ಕಥೆ ಇನ್ನೊಂದರಲ್ಲಿ ಧೂಳು ತಿಂದಿತು. ನಮ್ಮ ಭಾಷೆಗಳಲ್ಲಿ ಕಾದಂಬರಿ ಹೇಗಿರಬೇಕೆಂಬುದನ್ನು ಮೊಳೆ ಜೋಡಿಸುವ ಮನೆಯಲ್ಲಿ ಎಷ್ಟು ಮಟ್ಟಿಗೆ ತೀರ್ಮಾನಿಸಿದರು? ಸೆಸೊಥೊ ನನಗೆ ಬಾರದು. ಹಾಗಾಗಿ ಈ ಪ್ರಶ್ನೆಯನ್ನು ನಾನು ಎತ್ತಬಲ್ಲೆ, ಉತ್ತರಿಸಲಾರೆ. ಉತ್ತರಿಸಬಲ್ಲವರನ್ನು ತಯಾರು ಮಾಡುವುದೇ ವಿಭಾಗದ ಕೆಲಸ ಅಲ್ಲವೇ?

ಎಲ್ಲ ಭಾಷೆ ಯಾರಿಗೆ ಬರುತ್ತದೆ, ಅನುವಾದ ಬೇಡವೇ ಎಂದು ಕೇಳುತ್ತಾರೆ. ಅನುವಾದ ಬೇಕು. ಸಿ. ನಾಗಣ್ಣನವರ ‘ಭಂಗ’ ಇಲ್ಲದಿದ್ದರೆ ಅಚೆಬೆ ನನ್ನ ತಮ್ಮನಿಗೆ ತಲುಪುತ್ತಿರಲಿಲ್ಲ. ಓದುಗರಿಗೆ ಅನುವಾದ ಸಾಕು. ಸಂಶೋಧಕಿ ಅಂತ ಫೆಲೋಶಿಪ್ ತೆಗೆದುಕೊಳ್ಳುವವಳಿಗೆ ಸಾಲದು, ಅಷ್ಟೇ. ಹತ್ತು ಭಾಷೆ ಬೇಡ, ಒಂದು. ಎರಡು ವರ್ಷದ ಎಂ.ಎ.ಯಲ್ಲಿ ನಾಲ್ಕು ಸೆಮಿಸ್ಟರಿಗೂ ಒಂದು ಆಫ್ರಿಕನ್ ಭಾಷೆಯ ಪತ್ರಿಕೆ ಕಡ್ಡಾಯ ಮಾಡಿ. ಕಲಿಸುವವರಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ದೆಹಲಿ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ವಿಭಾಗದಲ್ಲಿ ಸ್ವಾಹಿಲಿ ಕಲಿಸುತ್ತ ಬಂದಿದ್ದಾರೆ. ನಮ್ಮ ಊರುಗಳ ಕಾಲೇಜುಗಳಲ್ಲೇ ಆಫ್ರಿಕಾದ ಮಕ್ಕಳು ಓದುತ್ತಿದ್ದಾರೆ. ಅವರನ್ನು ಫುಡ್ ಫೆಸ್ಟಿಗೂ ಕುಣಿತಕ್ಕೂ ಮಾತ್ರ ಕರೆಯುತ್ತೇವೆ. ಲಂಡನ್ನಿನ ಸೋಆಸ್ 1916ರಲ್ಲಿ ಶುರುವಾದದ್ದು ಸಾಮ್ರಾಜ್ಯದ ಅಧಿಕಾರಿಗಳಿಗೆ ಭಾಷೆ ಕಲಿಸಲು. ಆಳಲು ಹೊರಟವರು ಕೂತು ವ್ಯಾಕರಣ ಕಲಿತರು. ಅಣ್ಣತಮ್ಮಂದಿರು ನಾವು ಎಂದು ಭಾಷಣ ಮಾಡುವ ನಮಗೆ ಪುರುಸೊತ್ತಿಲ್ಲ.

ಇದೆಲ್ಲ ಬೇರೆಯವರ ತಪ್ಪು ಎಂದು ನಾನು ಜಾರಿಕೊಳ್ಳಲಾರೆ. ಉತ್ತರ ಕನ್ನಡದ ಮಂಚಿಕೇರಿಯ ಸಿದ್ದಿಗಳು ನೀನಾಸಮ್‌ನವರ ಜೊತೆ ಸೇರಿ ಅಚೆಬೆಯ ಅದೇ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂದು ಕನ್ನಡದಲ್ಲಿ ಆಡಿದ್ದರು. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶದವರು, ಆಫ್ರಿಕಾದ ಕಥೆಯನ್ನು ನಮ್ಮ ಮಾತಿನಲ್ಲಿ ಆಡಿದ್ದಕ್ಕಿಂತ ದೊಡ್ಡ ತೌಲನಿಕ ಅಧ್ಯಯನ ಯಾವುದಿದೆ? ನನ್ನ ಡಿಸರ್ಟೇಶನ್ನಿನಲ್ಲಿ ಅದಕ್ಕೊಂದು ಅಡಿಟಿಪ್ಪಣಿಯೂ ಇಲ್ಲ. ಅದರ ಬಗ್ಗೆ ಸಿಕ್ಕ ಬರಹ ಕನ್ನಡದಲ್ಲಿತ್ತು, ಬಿಟ್ಟೆ.

ಈಗ ನನ್ನ ಥೀಸಿಸ್ ಕನ್ನಡ ಮತ್ತು ಸ್ವಾಹಿಲಿ ಗದ್ಯದ ಮೇಲೆ. ಸ್ವಾಹಿಲಿಗೆಂದು ಇನ್ನೂ ಆರು ತಿಂಗಳು ಕೊಡಿ ಎಂದು ಸಮಿತಿಯ ಮುಂದೆ ಕೇಳಿದೆ. “ಇಂಗ್ಲಿಷಿನಲ್ಲಿ ಸಿಗುವುದನ್ನು ತಗೊಂಡು ಮುಗಿಸಮ್ಮ, ಸುಮ್ಮನೆ ಯಾಕೆ ತಲೆಬಿಸಿ?” ಅಂದರು ಒಬ್ಬ ಹಿರಿಯರು, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಸಮಯ, ಅನುದಾನ, ನಿಯಮ ಎಂದು ಉಳಿದವರು ಒಂದೊಂದು ಸೇರಿಸಿದರು. ಸಂಜೆ ಗೆಳತಿಗೆ ಇದನ್ನೆಲ್ಲ ಹೇಳಿದೆ. ಅವಳ ಭಾಷೆಯಲ್ಲಿ ‘ಸಬಾಬು’ ಅಂದರೆ ಕಾರಣ. ನಮ್ಮಲ್ಲಿ ಅದೇ ಪದ ‘ಸಬೂಬು’ ಆಗಿದೆ ಎಂದು ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಮುಂದಿನ ಸಭೆಗೆ ಅದೇ ಅರ್ಜಿಯನ್ನು ಮತ್ತೆ ಕೊಡುತ್ತಿದ್ದೇನೆ.